ಕಟ್ಟು ಹಾಕಿಸಿದ ಇಂದ್ರಜಾಲ

ಮಂಡ್ಯ ಜಿಲ್ಲೆಗೆ ಸಮುದ್ರ ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ ಕೊಟ್ಟು ಕೊಟ್ಟು ನನಗೆ ಸಾಕಾಗಿದೆ. ಬಂದಿದೆ ಸ್ವಾಮಿ, ಗೋಡೆಗೋಡೆಗೂ ಬಂದಿದೆ. ಬೂಕನಕೆರೆಯ ನಡುಮನೆಗಳಲ್ಲಿ, ಕ್ಯಾತನಹಳ್ಳಿಯ ಕಬ್ಬಿನ ಗದ್ದೆಯವರ ಹೊಸ ತಾರಸಿ ಮನೆಗಳಲ್ಲಿ, ಶ್ರೀರಂಗಪಟ್ಟಣದ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ, ಹೊಂಬಣ್ಣದ ಕಟ್ಟಿನೊಳಗೆ, ಗಾಜಿನ ಹಿಂದೆ, ಸತ್ತು ಒಣಗಿ ಬಂದು ಕೂತಿದೆ. ಅದಕ್ಕೆ ಅರಿಶಿನ ಕುಂಕುಮ ಇಟ್ಟು ಊದುಬತ್ತಿ ಬೆಳಗಿದವರು ನಾವೇ.

ಆ ಕಟ್ಟುಗಳನ್ನು ಹಾಕಿಕೊಟ್ಟವಳು ಪುಟ್ಟಲಕ್ಷ್ಮಮ್ಮ. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದು ಫೋಟೊ ಕಟ್ಟು ಹಾಕುವ ಅಂಗಡಿ, ಅದರ ಹಿಂದೆಯೇ ಮನೆ. ಪಕ್ಕದ್ದೇ ನನ್ನ ಹೊಲಿಗೆ ಅಂಗಡಿ. ನಡುವೆ ಇರುವುದು ಒಂದೇ ಗೋಡೆ, ಅದೂ ತೆಳು. ಅವಳು ಗಾಜು ಕೊಯ್ಯುವ ಸದ್ದು ನನಗೆ ಕೇಳುತ್ತದೆ, ನನ್ನ ಮಿಷಿನ್ನಿನ ಸದ್ದು ಅವಳಿಗೆ ಕೇಳುತ್ತದೆ. ನಾನು ಅವಳನ್ನು ಪುಟ್ಟಕ್ಕ ಎನ್ನುತ್ತೇನೆ. ಅವಳ ವಯಸ್ಸಿಗೆ ಅತ್ತೆ ಎನ್ನಬೇಕಿತ್ತು, ಆದರೆ ಹಾಗೆ ಕರೆದರೆ ಅವಳಿಗೆ ಸಿಟ್ಟು ಬರುತ್ತದೆ.

ಪುಟ್ಟಕ್ಕ ಹುಟ್ಟಿದ್ದು ಶ್ರೀರಂಗಪಟ್ಟಣದ ಗಂಜಾಮಿನಲ್ಲಿ, ಮರಗೆಲಸದ ಆಚಾರಿಗಳ ಮನೆಯಲ್ಲಿ. ಕಾವೇರಿ ಎರಡಾಗಿ ಒಡೆದು ಊರನ್ನು ಸುತ್ತಿಕೊಂಡು ಹೋಗುವ ಜಾಗ ಅದು. ಅಣೆಕಟ್ಟೆಯ ಬಾಗಿಲು ತೆಗೆದ ವರ್ಷಗಳಲ್ಲಿ ನೀರು ಎರಡೂ ಕಡೆಯಿಂದ ಏರುವುದನ್ನು ನೋಡಿ ಬೆಳೆದವಳು. ಮದುವೆಯಾಗಿ ಬಂದದ್ದು ಪೇಟೆಯ ಸಿದ್ದಾಚಾರಿಗೆ. ಅವನು ಬೇಗ ತೀರಿಕೊಂಡ. ಅಂಗಡಿ ಮಾರಿಬಿಡು, ಹೆಂಗಸಿಗೆ ಗಾಜಿನ ಕೆಲಸ ಯಾಕೆ ಎಂದು ಬಂಧುಗಳೆಲ್ಲ ಬುದ್ಧಿ ಹೇಳಿದರು. ಅವಳು ಗಾಜು ಕೊಯ್ಯುವ ಕಡ್ಡಿ ಕೈಗೆ ತೆಗೆದುಕೊಂಡಳು. ಬೆರಳ ತುಂಬ ಗಾಯದ ಗೆರೆಗಳಿವೆ. ಮಗಳು ಭೂಮಿಕಳನ್ನು ಓದಿಸಿ, ಶೀಳನೆರೆಗೆ ಮದುವೆ ಮಾಡಿ ಕೊಟ್ಟಿದ್ದು ಆ ಬೆರಳುಗಳೇ.

ಅವಳ ಅಂಗಡಿಗೆ ಕಟ್ಟುನಿಟ್ಟುಗಳಿವೆ. ದೇವರಿಗೆ ಹೊಂಬಣ್ಣದ ಕಟ್ಟು. ಮದುವೆ ಫೋಟೊಗೆ ಮರದ ಬಣ್ಣದ್ದು. ತೀರಿಕೊಂಡವರಿಗೆ ಕರಿ ಕಟ್ಟು. ಬದುಕಿರುವವರ ಫೋಟೊಗೆ ಕರಿ ಕಟ್ಟು ಚೆನ್ನಾಗಿ ಕಾಣುತ್ತದೆ ಎಂದು ಯಾರಾದರೂ ಹುಡುಗರು ಕೇಳಿದರೆ ಬೈದು ಕಳಿಸುತ್ತಾಳೆ. ಸತ್ತವರನ್ನೂ ದೇವರನ್ನೂ ಒಂದೇ ಕಟ್ಟಿನಲ್ಲಿ ಸೇರಿಸುವುದಿಲ್ಲ. ಇನ್ನೊಂದು ಪದ್ಧತಿ ಅವಳ ಗಂಡನ ಮನೆಯಿಂದ ಬಂದದ್ದು. ಹಿಂದಿನ ಹಲಗೆ ಮುಚ್ಚಿ ಮೊಳೆ ಹೊಡೆಯುವ ಮೊದಲು, ಹಲಗೆಯ ಒಳಮೈಗೆ ಕುಂಕುಮದಲ್ಲಿ ಅದ್ದಿದ ಹೆಬ್ಬೆರಳು ಒತ್ತುತ್ತಾಳೆ. ಕಟ್ಟು ಮುಚ್ಚಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ.

"ಯಾರ್ಗೂ ಕಾಣ್ದೆ ಇದ್ಮೇಲೆ ಯಾಕಕ್ಕ?" ಎಂದು ಒಮ್ಮೆ ಕೇಳಿದ್ದೆ.

"ಒಳಗೆ ಏನದೋ ಅದ್ಕೆ ನಾನು ಜವಾಬ್ದಾರಿ ಅಂತ ಕಣವ್ವ. ನಂಗೆ ಗೊತ್ತಿದ್ರೆ ಸಾಕು" ಎಂದಿದ್ದಳು.

ಇಂಥವಳ ಬಳಿಗೆ ರಂಗಸ್ವಾಮಿ ಬಂದ. ಹೆಸರಿನ ಮುಂದೆ ವಾಸ್ತು ಎಂದು ತಾನೇ ಹಾಕಿಕೊಂಡವನು. ಬೆಳಿಗ್ಗೆ ಕೇಬಲ್ ಟಿವಿಯಲ್ಲಿ ಕಾಣಿಸಿಕೊಂಡು, ನಿಮ್ಮ ಅಡುಗೆಮನೆ ಈ ಮೂಲೆಯಲ್ಲಿದ್ದರೆ ಗಂಡನಿಗೆ ಕೆಮ್ಮು ಬಿಡುವುದಿಲ್ಲ ಎಂದೆಲ್ಲ ಹೇಳುತ್ತಾನೆ. ಬೆರಳಿಗೊಂದು ಉಂಗುರ, ಬಾಯಿಗೊಂದು ಶ್ಲೋಕ. ಕಾರಿನ ಡಿಕ್ಕಿಯಿಂದ ಗೋಣಿಚೀಲ ಇಳಿಸಿ, ಅದರಿಂದ ಬೀಸಣಿಗೆಯಂತೆ ಹರಡಿದ, ಬಲೆಯಂತೆ ಹೆಣೆದುಕೊಂಡ ಕರಿಯ ಕಡ್ಡಿಗಳ ಒಂದು ವಸ್ತುವನ್ನು ತೆಗೆದು ಅವಳ ಮೇಜಿನ ಮೇಲಿಟ್ಟ.

"ಇಂದ್ರಜಾಲ ಅಂತ ಅಮ್ಮಾ. ಹಿಮಾಲಯದ ಗುಹೇಲಿ ಮಾತ್ರ ಬೆಳೆಯೋ ಬೇರು. ಮನೇಲಿದ್ರೆ ಕಣ್ದೃಷ್ಟಿ, ಮಾಟ, ಮಂತ್ರ ಯಾವುದೂ ಹೊಸಿಲು ದಾಟಲ್ಲ" ಎಂದ.

ನಮ್ಮ ಕಡೆಯವರಿಗೆ ಬೇರು ಎಂದರೆ ಸಾಕು, ಕೈ ತಾನಾಗಿ ಮುಗಿಯುತ್ತದೆ. ಬಿಳಿ ಎಕ್ಕದ ಬೇರಿನಲ್ಲಿ ಗಣಪತಿಯನ್ನು ಕಾಣುವ ಜನ ನಾವು. ಅಂಥ ಎಷ್ಟೋ ಬೇರುಗಳಿಗೆ ಪುಟ್ಟಕ್ಕ ಕಟ್ಟು ಹಾಕಿದ್ದಳು. ಆದ್ದರಿಂದ ಇದನ್ನೂ ಬೇರೆಂದೇ ನಂಬಿದಳು. ಅರಿಶಿನದ ನೀರಿನಲ್ಲಿ ತೊಳೆಯುವಾಗ ಮಾತ್ರ, "ಇದೇನು ಸ್ವಾಮಿ, ಉಪ್ಪುಪ್ಪು ವಾಸ್ನೆ ಬತ್ತದೆ?" ಎಂದಳು. "ಸಿದ್ಧರು ಉಪ್ಪಲ್ಲಿ ಶುದ್ಧಿ ಮಾಡಿರ್ತಾರೆ" ಎಂದ ಆ ಮಹಾನುಭಾವ. ಹಿಮಾಲಯದಲ್ಲಿ ಉಪ್ಪಿನ ಅಂಗಡಿ ಇಟ್ಟಿದ್ದಾರೆ ಸಿದ್ಧರು!

ಅವನು ತರುತ್ತಲೇ ಹೋದ, ಇವಳು ಹೊಂಬಣ್ಣದ ಕಟ್ಟು ಹಾಕುತ್ತಲೇ ಹೋದಳು. ಪ್ರತಿ ಕಟ್ಟಿನೊಳಗೂ ಹೆಬ್ಬೆರಳು ಒತ್ತಿದಳು. ಒಂದನ್ನು ತಾನೇ ಕೊಂಡು ಮಗಳ ಮನೆಗೂ ಕೊಟ್ಟಳು. ಭೂಮಿಕಳಿಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿರಲಿಲ್ಲ. ಅಳಿಯ ಅಭಿಲಾಷ್ ಒಳ್ಳೆಯವನು, ಆದರೆ ಬಾಯಿಲ್ಲದವನು. ಆ ಮನೆಯಲ್ಲಿ ಮಾತೆಲ್ಲ ಅವನ ತಾಯಿ ಕಾಳಮ್ಮನದು. ಪುಟ್ಟಕ್ಕನೇ ಹೋಗಿ ಭೂಮಿಕಳ ಮಂಚದ ಎದುರು ಗೋಡೆಗೆ ಅದನ್ನು ನೇತುಹಾಕಿ ಬಂದಳು. ಅದರ ಹಿಂದೆಯೇ ಭೂಮಿಕ ಬಸುರಿಯಾದಳು. ಮೈಸೂರಿನ ಡಾಕ್ಟರ ಹತ್ತಿರ ಅಷ್ಟು ಕಾಲ ಅಲೆದದ್ದು, ನುಂಗಿದ ಮಾತ್ರೆ, ಚುಚ್ಚಿಸಿಕೊಂಡ ಇಂಜೆಕ್ಷನ್ನು ಎಲ್ಲ ಗಾಳಿಗೆ ಹೋಯಿತು. ಕಾಳಮ್ಮ ಊರಿಗೆಲ್ಲ ಇಂದ್ರಜಾಲದ ಮಹಿಮೆ ಸಾರಿದಳು.

ಸೀಮಂತಕ್ಕೆಂದು ಪುಟ್ಟಕ್ಕನ ತಮ್ಮ ಚಂದ್ರಶೇಖರ ಊರಿಗೆ ಬಂದ. ಅವನು ಅಂಡಮಾನಿನ ಆಚೆ ಒಂದು ಸಣ್ಣ ದ್ವೀಪದಲ್ಲಿ ದೋಣಿ ಕಟ್ಟುವ ಆಚಾರಿ. ಬೇರೆ ದ್ವೀಪಗಳಿಂದಲೂ ದೂರ. ಹಡಗು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿನ ಕೊಬ್ಬರಿ, ಒಣಮೀನು ಎಲ್ಲ ತಂದಿದ್ದ. ಅಂಗಡಿಗೆ ಕಾಲಿಟ್ಟವನು, ಗಾಜಿನ ಕೆಳಗೆ ಮಲಗಿಸಿದ್ದ ಇಂದ್ರಜಾಲ ನೋಡಿ ಅಲ್ಲೇ ನಿಂತುಬಿಟ್ಟ.

"ಅಕ್ಕಾ, ಇದೆಲ್ಲಿ ಸಿಕ್ತು ನಿಂಗೆ?"

"ಹಿಮಾಲಯದ ಬೇರು ಕಣ್ಲಾ ಚಂದ್ರ. ಮುಟ್ಟಬ್ಯಾಡ, ಮಡಿ."

"ಯಾವ ಹಿಮಾಲಯನೂ ಅಲ್ಲ. ಇದು ಬೇರಲ್ಲ ಕಣಕ್ಕ. ಸಮುದ್ರದ್ದು. ನಮ್ಮ ದ್ವೀಪದ ಸುತ್ತ ನೀರಿನ ಅಡಿಲಿ ಬೆಳೀತವಲ್ಲ, ಅವೇ. ಇದು ಪ್ರಾಣಿ."

ಅವಳು ನಕ್ಕಳು. ನಾನೂ ಗೋಡೆಯಾಚೆಯಿಂದ ಎದ್ದು ಬಂದು ನಕ್ಕೆ. ಕಡ್ಡಿಗೆ ಕಣ್ಣಿಲ್ಲ, ಬಾಯಿಲ್ಲ, ಪ್ರಾಣಿಯಂತೆ! ಚಂದ್ರಶೇಖರ ವಾದಕ್ಕಿಳಿಯಲಿಲ್ಲ. ಅದರ ತುದಿಯಿಂದ ಸಣ್ಣದೊಂದು ಕಡ್ಡಿ ಮುರಿದು ದೇವರ ದೀಪಕ್ಕೆ ಹಿಡಿದ. ಅದು ಉರಿಯಲಿಲ್ಲ, ಚುರುಗುಟ್ಟಿ ಮುರುಟಿತು. ಅಂಗಡಿಯ ತುಂಬ ಕೂದಲು ಸುಟ್ಟ ವಾಸನೆ ಎದ್ದಿತು. ನಾನು ಗಾಬರಿಯಾಗಿ ನನ್ನ ಜಡೆ ಮುಟ್ಟಿ ನೋಡಿಕೊಂಡೆ.

"ಬೇರು ಸುಟ್ರೆ ಇಂಗೆ ನಾತ ಬತ್ತದಾ? ನೀನು ಆಚಾರಿ ಮನೆ ಮಗಳು, ನೀನೇ ಯೋಳು" ಎಂದ.

ಪುಟ್ಟಕ್ಕನ ಮುಖದ ನಗು ಹೋಯಿತು. ಬೆಂಚಿನ ಮೇಲೆ ಕುಳಿತಳು. ಚಂದ್ರಶೇಖರ ಹೇಳುತ್ತಾ ಹೋದ. ಇದು ಹವಳದ ಜಾತಿಯದು. ಒಂದು ಪ್ರಾಣಿಯಲ್ಲ, ಸಾವಿರಾರು ಪುಟ್ಟ ಜೀವಗಳು ಒಟ್ಟಿಗೆ ಕಟ್ಟಿಕೊಂಡ ಒಂದು ಮನೆ. ನೀರಿನ ಸೆಳೆತಕ್ಕೆ ಎದುರಾಗಿ ಬೀಸಣಿಗೆಯಂತೆ ನಿಂತು, ಹರಿದು ಬಂದ ಆಹಾರ ಹಿಡಿದು ತಿನ್ನುತ್ತವೆ. ನೀರಿನಲ್ಲಿದ್ದಾಗ ಕೆಂಪು, ಹಳದಿ, ನೇರಳೆ ಬಣ್ಣ. ಒಂದು ವರ್ಷಕ್ಕೆ ಬೆರಳಗಲ ಬೆಳೆದರೆ ಹೆಚ್ಚು. ಮೀನಿನ ಮರಿಗಳು ಇದರ ಸಂದಿಯಲ್ಲಿ ಬಚ್ಚಿಟ್ಟುಕೊಂಡು ಬದುಕುತ್ತವೆ. ದೊಡ್ಡ ಬಲೆಯ ಬೋಟುಗಳು ಬಂದು ಸಮುದ್ರದ ತಳವನ್ನೇ ಗೋರಿಕೊಂಡು ಹೋಗುತ್ತವೆ, ಹವಳದ ದಿಬ್ಬಗಳು ಮುರಿಯುತ್ತವೆ. ಅದು ಸಾಲದೆಂದು ಕೆಲವರು ಮುಳುಗಿ ಇವನ್ನು ಬುಡಸಮೇತ ಕೀಳುತ್ತಾರೆ.

"ಕಿತ್ರೆ ಅಲ್ಲಿಯವ್ರಿಗೆ ಏನಾಯ್ತದಣ್ಣ? ಅಷ್ಟು ದೊಡ್ಡ ಸಮುದ್ರ" ಎಂದೆ ನಾನು.

ಅವನು ನನ್ನ ಕಡೆ ತಿರುಗಿದ. ಆವರೆಗೆ ಮೆಲ್ಲಗೆ ಮಾತಾಡುತ್ತಿದ್ದವನ ದನಿ ಏರಿತು. "ಸ್ನೇಹ, ನಿಮ್ಮೂರ ಕೆರೆಗೆ ಏರಿ ಇಲ್ವಾ? ಒಬ್ಬ ಬಂದು ಏರಿ ಮಣ್ಣು ಒಂದು ಬುಟ್ಟಿ ತಗಂಡೋದ. ಅಷ್ಟು ದೊಡ್ಡ ಏರಿ, ಒಂದು ಬುಟ್ಟಿಗೆ ಏನಾದದು ಅಂದ. ಇನ್ನೊಬ್ಬನೂ ಅಂಗೇ ಅಂದ. ಮಳೆಗಾಲದಲ್ಲಿ ಕೆರೆ ಒಡೆದು ಗದ್ದೆ ಕೊಚ್ಕಂಡು ಓದ್ರೆ ಯಾರ್ನ ಕೇಳ್ತೀಯ? ದ್ವೀಪಕ್ಕೆ ಆ ಹವಳದ ದಿಬ್ಬನೇ ಏರಿ ಕಣವ್ವ. ಅಲೆ ಅದ್ಕೆ ಬಡ್ದು ಬಡ್ದು ಸುಸ್ತಾಗಿ ನಮ್ ದಡಕ್ಕೆ ಬರ್ತದೆ. ದಿಬ್ಬ ಸತ್ತ ಕಡೆ ದಡ ಕುಸೀತಾ ಅದೆ. ನನ್ನ ದೋಣಿ ಕೊಟ್ಟಿಗೆನ ಒಳಕ್ಕೆ ಸರಿಸ್ಬುಟ್ಟಿವ್ನಿ. ಕುಡಿಯೋ ಬಾವಿ ಉಪ್ಪಾಗ್ಬುಟ್ಟದೆ. ಊರಲ್ಲಿ ಇರೋದೇ ಬೆರಳೆಣಿಕೆ ಮನೆ. ನಾವು ಅಲ್ಲಿ ಬಾಯಿ ಬಡ್ಕಂಡ್ರೆ ಯಾರ್ಗೆ ಕೇಳ್ತದೆ? ಕೀಳೋನು ಅಲ್ಲವ್ನೆ, ಕೊಳ್ಳೋರು ಇಲ್ಲವ್ರೆ. ನಮ್ಮಕ್ಕ ಚಿನ್ನದ ಕಟ್ಟು ಹಾಕ್ಕೊಟ್ಟವ್ಳೆ."

ಹುಲಿ ಉಗುರಿಗೆ ಯಾವ ಕಾನೂನೋ ಇದಕ್ಕೂ ಅದೇ ಕಾನೂನು, ಮನೆಯಲ್ಲಿಟ್ಟುಕೊಂಡರೆ ಜೈಲು ಎಂದೂ ಹೇಳಿದ. ಪುಟ್ಟಕ್ಕನ ಕಿವಿಗೆ ಜೈಲಿನ ಮಾತು ಬಿದ್ದಂತೆ ಕಾಣಲಿಲ್ಲ. ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

"ನಾನೂ ಸುತ್ತ ನೀರಿರೋ ಊರಲ್ಲೇ ಹುಟ್ಟಿದೋಳು ಚಂದ್ರ. ಹೊಳೆ ಏರ್ದಾಗ ನಮ್ಮಪ್ಪ ಬಾಗ್ಲಲ್ಲೇ ನಿಂತಿರೋನು, ಮಲಗ್ತಿರಲಿಲ್ಲ. ನಂಗೆ ಗೊತ್ತಾಗಬೇಕಿತ್ತು" ಎಂದಳು.

ಅಲ್ಲೇ ಕೂತು ರಂಗಸ್ವಾಮಿಗೆ ಫೋನು ಮಾಡಿದಳು. ಅವನು ಹೆದರಿದನೇ? ನಾಚಿಕೆ ಪಟ್ಟನೇ? "ಪ್ರಾಣಿ ಗೀಣಿ ಅಂತ ಬಾಯಿ ಬಿಡಬೇಡಿ ಅಮ್ಮಾ. ಕಟ್ಟು ಹಾಕಿದೋರು ನೀವು. ಮೊದ್ಲು ನಿಮ್ಮನ್ನೇ ಹಿಡಿಯೋದು" ಎಂದು ಫೋನು ಇಟ್ಟ. ಕಳ್ಳನಿಗಿಂತ ಮೊದಲು ಚೀಲ ಹೊಲಿದವಳನ್ನು ಹಿಡಿಯಬೇಕಂತೆ. ಕೇಳಿಸಿಕೊಂಡ ನನಗೇ ಮೈ ಉರಿದುಹೋಯಿತು.

ಮಾರನೆಯ ದಿನ ಶೀಳನೆರೆಯಲ್ಲಿ ಸೀಮಂತ. ಮೊದಲು ಮಗಳ ಮನೆಯದನ್ನು ಇಳಿಸಬೇಕು, ಆಮೇಲೆ ಉಳಿದವರನ್ನು ಕೇಳಬೇಕು ಎಂದು ಪುಟ್ಟಕ್ಕ ನಿರ್ಧರಿಸಿದ್ದಳು. ನಾನೂ ಜೊತೆಗೆ ಹೋಗಿದ್ದೆ. ಚಂದ್ರಶೇಖರ ಗಂಡಸರ ಜೊತೆ ಹೊರಗಿನ ಜಗಲಿಯಲ್ಲಿದ್ದ. ಆರತಿ ಮುಗಿದು ಮಡಿಲು ತುಂಬಿದ ಮೇಲೆ ಅವಳು ಬಾಯಿ ತೆರೆಯುವ ಮೊದಲೇ ಕಾಳಮ್ಮ ಎಲ್ಲರೆದುರಿಗೆ ಹೇಳಿದಳು.

"ಬೀಗ್ರೇ, ತಪ್ಪು ತಿಳ್ಕಬ್ಯಾಡಿ. ಭೂಮಿಕನ್ನ ತವರಿಗೆ ಕಳ್ಸಲ್ಲ. ಇಂದ್ರಜಾಲ ಇರೋ ಮನೇಲೇ ಇರ್ಬೇಕು ಅಂತ ರಂಗಸ್ವಾಮಿಗಳು ಯೋಳವ್ರೆ. ಬಾಣಂತನನೂ ಇಲ್ಲೇ."

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮಲ್ಲಿ ತಾಯಿಯ ಹಕ್ಕು. ಪುಟ್ಟಕ್ಕ ಆಗಲೇ ಹಳೆ ಬಿಳಿ ಸೀರೆಗಳನ್ನು ಹರಿದು ತೊಳೆದು ಮಡಚಿಟ್ಟಿದ್ದಳು. ಬಾಣಂತಿ ಲೇಹಕ್ಕೆ ಸಾಮಾನು ತರಿಸಿದ್ದಳು. ಒಳಕೋಣೆಗೆ ಸುಣ್ಣ ಹೊಡೆಸಿದ್ದಳು. ತಾನೇ ಮೊಳೆ ಹೊಡೆದು ನೇತುಹಾಕಿದ ಕಟ್ಟು ಈಗ ತನ್ನ ಮಗಳನ್ನೇ ಕಟ್ಟಿಹಾಕಿತ್ತು.

"ಅದು ಬೇರಲ್ಲ ಬೀಗ್ರೇ, ಸತ್ತ ಪ್ರಾಣಿ. ದಮ್ಮಯ್ಯ ಅಂತೀನಿ, ಇಳ್ಸಿ" ಎಂದಳು.

ಕಾಳಮ್ಮ ಎದ್ದು ನಿಂತಳು. "ಬಸುರಿ ಮನೇಲಿ ಗೋಡೆ ಮೇಲಿನ ಮೊಳೆ ಅಲ್ಲಾಡಿಸ್ತಾರಾ ಯಾರಾದ್ರೂವೆ? ನೀವೂ ಒಬ್ರು ತಾಯಾಗಿ ಇಂಗಂತೀರಲ್ಲ. ಅದು ಬಂದ್ಮೇಲೇ ಹೊಟ್ಟೇಲಿ ಕೂಸು ನಿಂತಿದ್ದು. ಇಳಿಸ್ಬುಟ್ಟು ಏನಾರ ಆದ್ರೆ?"

ಏನಾರ ಆದ್ರೆ. ಈ ಎರಡು ಮಾತಿನಿಂದ ನಮ್ಮ ಹೆಂಗಸರ ಬಾಯಿಯನ್ನು ಎಷ್ಟು ಕಾಲದಿಂದ ಹೊಲಿದಿದ್ದಾರೋ! ಹೆಂಗಸರೆಲ್ಲ ಪುಟ್ಟಕ್ಕನನ್ನು ಮಗಳ ಹೊಟ್ಟೆಗೆ ಕಲ್ಲು ಹಾಕಲು ಬಂದವಳಂತೆ ನೋಡಿದರು. ಹಸೆಯ ಮೇಲಿದ್ದ ಭೂಮಿಕ, "ಅವ್ವ, ಈಗ ಬ್ಯಾಡ ಬುಡವ್ವ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಭಿಲಾಷ್ ನೆಲ ನೋಡುತ್ತಿದ್ದ. ಪುಟ್ಟಕ್ಕ ಎದ್ದು ಬಂದಳು. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಚಂದ್ರಶೇಖರ ಹಡಗಿಗೆ ಹೊರಟುಹೋದ. ಪುಟ್ಟಕ್ಕ ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಹಳ್ಳಿಹಳ್ಳಿ ಸುತ್ತತೊಡಗಿದಳು. ತಾನು ಕಟ್ಟು ಹಾಕಿಕೊಟ್ಟ ಮನೆಗಳನ್ನು ನೆನಪಿನಿಂದಲೇ ಹುಡುಕಿಕೊಂಡು ಹೋದಳು. ಇಂದ್ರಜಾಲ ಕೊಡಿ, ಬದಲಿಗೆ ನಿಮಗೆ ಬೇಕಾದ ದೇವರ ಪಟ ಹಾಕಿ ಅದೇ ಕಟ್ಟು ವಾಪಸು ಕೊಡುತ್ತೇನೆ ಎಂಬುದು ಅವಳ ಮಾತು.

ಬೂಕನಕೆರೆಯ ಕುಳ್ಳಮ್ಮ ಎಂಬ ಮುದುಕಿ ಪೂರ್ತಿ ಕೇಳುವ ಮೊದಲೇ, "ಅಯ್ಯೋ, ಹೆಣಕ್ಕೆ ದೀಪ ಹಚ್ತಿದ್ನಾ!" ಎಂದು ಕೂಗಿ ಕಟ್ಟನ್ನು ಅಂಗಳಕ್ಕೆ ತಂದಿಟ್ಟಳು.

"ಹೆಣ ಅಂತಲ್ಲ ಅವ್ವ, ಅದ್ರ ಊರು ಹಾಳಾಯ್ತದೆ ಅಂತ" ಎಂದು ಪುಟ್ಟಕ್ಕ ದ್ವೀಪದ ಮಾತು ತೆಗೆದಳು.

"ಊರ್ಗೆ ಏನಾರ ಆಗ್ಲಿ ಕಣವ್ವ, ಮೊದ್ಲು ನನ್ ಮನೆಯಿಂದ ತಗಂಡೋಗು" ಎಂದಳು ಕುಳ್ಳಮ್ಮ.

ಹೆಚ್ಚಿನವರು ಹೀಗೆಯೇ. ಅಪಶಕುನಕ್ಕೆ ಹೆದರಿ ಕೊಟ್ಟರೇ ಹೊರತು, ಎಲ್ಲೋ ಒಂದು ದಡ ಕುಸಿಯುತ್ತಿದೆಯೆಂದು ಕೊಟ್ಟವರಿಲ್ಲ. ಕ್ಯಾತನಹಳ್ಳಿಯ ಚಿಕ್ಕಮಾದಯ್ಯ ಅದಕ್ಕೂ ಬಗ್ಗಲಿಲ್ಲ. ಜಗಲಿಯ ಮೇಲೆ ಕಾಲು ಇಳಿಬಿಟ್ಟುಕೊಂಡು, "ನಿನ್ ಮಗಳ ಮನೇದು ಇಳ್ಸಿದ್ಯಾ?" ಎಂದ. ಪುಟ್ಟಕ್ಕ ಇಲ್ಲವೆಂದು ತಲೆಯಾಡಿಸಿದಳು. "ಮೊದ್ಲು ಅದ್ನ ಇಳ್ಸು. ಆಮೇಲೆ ನಮ್ಮನೆ ಬಾಗ್ಲಿಗೆ ಬಾ" ಎಂದು ಎಲೆ ಅಡಿಕೆ ಉಗಿದ. ಆ ಮಾತು ಅವಳಿಗಿಂತ ಮೊದಲೇ ಮುಂದಿನ ಮನೆಗಳನ್ನು ತಲುಪತೊಡಗಿತು.

ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಒಂದು ಸರ್ಕಾರಿ ಕಚೇರಿಗೆ ಹೋದೆವು. ಕಾನೂನಿನ ವಸ್ತು, ಒಪ್ಪಿಸಿಬಿಡೋಣ ಎಂದು. ಕುರ್ಚಿಯಲ್ಲಿದ್ದ ಮನುಷ್ಯ ಚೀಲದೊಳಗೆ ಇಣುಕಿ ನಕ್ಕುಬಿಟ್ಟ. "ಆನೆ ದಂತ, ಹುಲಿ ಉಗುರು ಇದ್ರೆ ತಗಂಡ್ ಬನ್ನಿ. ಮಂಡ್ಯ ಜಿಲ್ಲೆಗೆ ಸಮುದ್ರ ಎಲ್ಲಿಂದ ಬಂತಮ್ಮ?"

"ಸಮುದ್ರ ಬರ್ದೆ ಇದ್ರೆ ಇದು ಎಂಗ್ ಬಂತು ಸ್ವಾಮಿ?" ಎಂದಳು ಪುಟ್ಟಕ್ಕ.

"ಸಾಹೇಬ್ರು ಮೀಟಿಂಗಲ್ಲವ್ರೆ. ಮುಂದಿನ ವಾರ ಬನ್ನಿ" ಎಂದ. ಮುಂದಿನ ವಾರ ಹೋದರೆ ಅದರ ಮುಂದಿನ ವಾರ. ಸಮುದ್ರದ ತಳವನ್ನು ಗೋರಲು ಬರುವ ಬೋಟಿಗೆ ಮೀಟಿಂಗಿಲ್ಲ, ರಜೆಯಿಲ್ಲ. ಕಾಯುವವರಿಗೆ ಮಾತ್ರ ಎಲ್ಲ ಇದೆ. ಚೀಲ ಹೊತ್ತುಕೊಂಡು ಬಸ್ಸು ಹತ್ತುವಾಗ, ದೂರದ್ದು ಎಂದರೆ ಯಾರದ್ದೂ ಅಲ್ಲದ್ದು ಎಂದೇ ಲೆಕ್ಕವೇ ಎಂದು ನನಗೆ ಅಳು ಬಂತು. ಆ ದ್ವೀಪದವರಿಗೆ ಇವರೇ ಕಾವಲು!

ಭೂಮಿಕಳಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಹೆಣ್ಣು ಮಗುವಾಯಿತು. ತಾಯಿ ಮಗು ಚೆನ್ನಾಗಿದ್ದರು. ಕಾರು ಆಸ್ಪತ್ರೆಯಿಂದ ಪೇಟೆಯ ಮೇಲೆಯೇ ಶೀಳನೆರೆಗೆ ಹೋಯಿತು, ಪುಟ್ಟಕ್ಕನ ಬಾಗಿಲಲ್ಲಿ ನಿಲ್ಲಲಿಲ್ಲ. ಅವಳು ನೆಂಟಳಂತೆ ದಿನಾ ಬಸ್ಸಿನಲ್ಲಿ ಹೋಗಿ ಮಗುವಿಗೆ ಎಣ್ಣೆ ನೀರು ಹಾಕಿ, ಸಂಜೆಗೆ ವಾಪಸು ಬರುತ್ತಿದ್ದಳು. ಮಂಚದ ಎದುರಿಗೆ ಅದು ಹಾಗೆಯೇ ನೇತಾಡುತ್ತಿತ್ತು. ಹೆತ್ತ ಕೂಡಲೇ ಹೆಣ ನೋಡಬಾರದು ಎನ್ನುವ ಜನ, ಬಾಣಂತಿ ಕಣ್ಣು ಬಿಟ್ಟರೆ ಅದೇ ಕಾಣುವಂತೆ ಇಟ್ಟಿದ್ದರು.

ಹೆಸರಿಡುವ ದಿನ ನಾನೂ ಹೋದೆ. ತೊಟ್ಟಿಲಿಗೆ ಹೂ ಕಟ್ಟಿದ್ದರು. ಬಾಣಂತಿಗೂ ಕೂಸಿಗೂ ಹೊಗೆ ಹಿಡಿಯಲು ಮೂಲೆಯಲ್ಲಿ ಮಣ್ಣಿನ ಬೋಗುಣಿಯ ತುಂಬ ಸಾಂಬ್ರಾಣಿಯ ಕೆಂಡವಿತ್ತು. ಅಷ್ಟರಲ್ಲಿ ರಂಗಸ್ವಾಮಿಯ ಕಾರು ಬಂದು ನಿಂತಿತು. ಕಾಳಮ್ಮನೇ ಕರೆಸಿದ್ದಳು. ಜೊತೆಗೆ ಮೊಬೈಲಿನಲ್ಲಿ ವಿಡಿಯೊ ತೆಗೆಯುವವನೊಬ್ಬ. ರಂಗಸ್ವಾಮಿ ತೊಟ್ಟಿಲ ಪಕ್ಕ ನಿಂತು, ಶಲ್ಯ ಸರಿಮಾಡಿಕೊಂಡು, "ವೀಕ್ಷಕರೇ, ಇದು ಇಂದ್ರಜಾಲದ ವರಪ್ರಸಾದ. ಡಾಕ್ಟರು ಕೈಬಿಟ್ಟ ಮನೆಯಲ್ಲಿ ಇವತ್ತು ತೊಟ್ಟಿಲು ತೂಗುತ್ತಿದೆ" ಎಂದು ಶುರುಮಾಡಿದ. ಡಾಕ್ಟರು ಯಾವತ್ತು ಕೈಬಿಟ್ಟಿದ್ದರು? ಹೆತ್ತವಳು ಅಲ್ಲೇ ಕೂತಿದ್ದಾಳೆ, ಅವಳನ್ನೊಂದು ಮಾತು ಕೇಳಿದನೇ? ಹೊಟ್ಟೆ ಹೊತ್ತವಳು ಒಬ್ಬಳು, ಹೆಸರು ಹೊತ್ತವನು ಇನ್ನೊಬ್ಬ.

ಆಮೇಲೆ ಅವನು ಚೀಲದಿಂದ ಮೊದಲಿನದಕ್ಕಿಂತ ದೊಡ್ಡದಾದ ಒಂದು ಇಂದ್ರಜಾಲವನ್ನು ತೆಗೆದು, ಕ್ಯಾಮೆರಾಕ್ಕೆ ತೋರಿಸಿ, ಪುಟ್ಟಕ್ಕನ ಕೈಗೆ ಕೊಟ್ಟ. "ಮಗುವಿಗೆ ನಮ್ಮ ಉಡುಗೊರೆ. ಇದಕ್ಕೂ ನಿಮ್ಮ ಕೈಯಾರೆ ಕಟ್ಟು ಹಾಕಿ ಅಮ್ಮಾ."

ಪುಟ್ಟಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬೆರಳಿನಿಂದ ಬುಡದಿಂದ ತುದಿಯವರೆಗೆ ಅಳೆದಳು. "ಬೆರಳಗಲಕ್ಕೆ ಒಂದು ವರ್ಷ" ಎಂದು ತನಗೆ ತಾನೇ ಹೇಳಿಕೊಂಡಳು. ಅದಕ್ಕೆ ಅವಳ ವಯಸ್ಸಿನಷ್ಟಾದರೂ ವಯಸ್ಸಾಗಿತ್ತು. ಆಮೇಲೆ ಅದರ ಒಂದು ಕೊಂಬೆಯನ್ನು ಲಟಕ್ಕನೆ ಮುರಿದು ಸಾಂಬ್ರಾಣಿಯ ಕೆಂಡದ ಮೇಲೆ ಹಾಕಿದಳು.

ವಾಸನೆ ಎದ್ದ ಕೂಡಲೇ ಮನೆಯಲ್ಲಿ ಗದ್ದಲವಾಯಿತು. "ಕೂದಲು ಹತ್ತಿಕಂತು! ಯಾರದೋ ಕೂದಲು ಹತ್ತಿಕಂತು!" ಎಂದು ಹೆಂಗಸರು ತಮ್ಮ ತಮ್ಮ ಜಡೆ ಹಿಡಿದು ಜಾಡಿಸಿದರು. ಒಬ್ಬಳು ಸೆರಗು ಕೊಡವಿದಳು. ಕಾಳಮ್ಮ ಓಡಿಹೋಗಿ ತೊಟ್ಟಿಲಿನಿಂದ ಕೂಸನ್ನು ಎತ್ತಿಕೊಂಡು ಅದರ ನೆತ್ತಿ ಮೂಸಿ ನೋಡಿದಳು. ಬಾಗಿಲ ಬಳಿ ಕೂತಿದ್ದ ಮುದುಕ ಮರಿಯಯ್ಯ, "ಕೂದಲಲ್ಲ ಕಣ್ರಪ್ಪ. ಇದು ಸುಡುಗಾಡಿನ ವಾಸ್ನೆ" ಎಂದ.

"ಯಾರ ಕೂದಲೂ ಅಲ್ಲ, ಸುಮ್ಕೆ ಕೂತ್ಕಳಿ" ಎಂದಳು ಪುಟ್ಟಕ್ಕ. "ಇವನು ತಂದ ಹಿಮಾಲಯದ ಬೇರು ಇದು. ಮೂಸಿ ನೋಡಿ ಬೀಗ್ರೇ. ಯಾವ ಬೇರು ಸುಟ್ರೆ ಇಂಗೆ ನಾತ ಬತ್ತದೆ? ಜೀವ ಇದ್ದಿದ್ದು ಸುಟ್ರೆ ಬತ್ತದೆ. ನನ್ ತಮ್ಮನ ದ್ವೀಪದಲ್ಲಿ ಇದು ಅಲೆಗೆ ಅಡ್ಡ ನಿಂತಿತ್ತು. ಮೀನಿನ ಮರಿನ ಸಾಕ್ತಿತ್ತು. ನಾನು ಹುಟ್ಟೋಕೆ ಮುಂಚಿಂದ ನಿಂತಿತ್ತು. ಬುಡ ಕಿತ್ತು ತಂದು, ನಿಮ್ ಮೊಮ್ಮಗಳ ಮುಂದೆ ನೇತಾಕ್ಸಿ, ವಿಡಿಯೊ ತೆಗಿತಾವ್ನೆ. ಸಾವಿರ ಮಕ್ಕಳ ಮನೆ ಹಾಳು ಮಾಡಿ 'ನಿಮ್ಮನೇಲಿ ತೊಟ್ಲು ತೂಗ್ಸಿದೆ' ಅಂತಾವ್ನೆ. ನಾಚ್ಕೆ ಆಗಲ್ವೇನೋ ನಿಂಗೆ?"

"ಔಷಧಿ ಗುಣದಿಂದ ಕೆಲವು ಬೇರುಗಳು..." ಎಂದು ರಂಗಸ್ವಾಮಿ ತೊದಲಿದ. ವಿಡಿಯೊದವನಿಗೆ ಆಫ್ ಮಾಡು ಎಂದು ಕೈಸನ್ನೆ ಮಾಡಿದ.

"ಆಫ್ ಮಾಡ್ಬ್ಯಾಡ ಕಣೋ, ತಗಿ!" ಎಂದು ಕೂಗಿದ್ದು ಭೂಮಿಕ. ಅಷ್ಟು ದಿನ ಬಾಯಿ ಬಿಡದ ಹುಡುಗಿ. ಎದ್ದು ನಿಂತಿದ್ದಳು. "ಅತ್ತೆ, ದಿನಾ ಬೆಳಿಗ್ಗೆ ಎದ್ದು ಅದರ ಮುಖನೇ ನೋಡಿವ್ನಿ. ಸಾಕು. ನನ್ ಮಗುಗೆ ನೀರಲ್ಲಿರೋದು ನೀರಲ್ಲೇ ಇರ್ಲಿ ಅಂತ ಕಲಿಸ್ಬೇಕು ನಾನು."

ಕಾಳಮ್ಮ ಕೂಸನ್ನು ಸೊಸೆಯ ಕೈಗೆ ಕೊಟ್ಟಳು. ಸ್ಟೂಲು ಎಳೆದು ತಾನೇ ಹತ್ತಿದಳು. ಮೊಳೆಯನ್ನು ಮುಟ್ಟದೆ, ಕಟ್ಟನ್ನಷ್ಟೇ ಎತ್ತಿ ಇಳಿಸಿದಳು. ಆಮೇಲೆ ರಂಗಸ್ವಾಮಿಯ ಕಡೆ ತಿರುಗಿ ಆಡಿದ ಮಾತುಗಳನ್ನು ಬರೆದರೆ ಓದುವವರಿಗೆ ಚೆನ್ನಾಗಿರುವುದಿಲ್ಲ. ಅವನು ಊಟಕ್ಕೆ ಕೂರಲಿಲ್ಲ, ಕಾರು ಹತ್ತಿದ. ಅವನು ತಂದಿದ್ದು ಪುಟ್ಟಕ್ಕನ ಕೈಯಲ್ಲೇ ಉಳಿಯಿತು.

"ಕರ್ಕಂಡೋಗಿ ಬೀಗ್ರೇ ನಿಮ್ ಮಗಳನ್ನ" ಎಂದಳು ಕಾಳಮ್ಮ. "ಬಾಣಂತನ ಮುಗಿಸ್ಕಂಡೇ ಬರ್ಲಿ."

ಪುಟ್ಟಕ್ಕ ಅಲ್ಲೇ ನೆಲದ ಮೇಲೆ ಕೂತು ಕಟ್ಟಿನ ಹಿಂದಿನ ಮೊಳೆಗಳನ್ನು ಒಂದೊಂದಾಗಿ ಕಿತ್ತು ಹಲಗೆ ತೆಗೆದಳು. ಕುಂಕುಮದ ಹೆಬ್ಬೆರಳು ಬಣ್ಣ ಮಾಸದೆ ಇತ್ತು. ಅದನ್ನು ಸೆರಗಿನ ತುದಿಯಿಂದ ಉಜ್ಜಿ ಉಜ್ಜಿ ಅಳಿಸಿದಳು.

ಈಗ ಭೂಮಿಕ ತವರಿನಲ್ಲಿದ್ದಾಳೆ. ಸುಣ್ಣ ಹೊಡೆಸಿದ ಕೋಣೆಯಿಂದ ಮಗುವಿನ ಅಳು ನನ್ನ ಅಂಗಡಿಗೂ ಕೇಳುತ್ತದೆ. ಮಗಳ ಮನೆಯದು ಇಳಿಯಿತೆಂದು ಗೊತ್ತಾಗಿ ಚಿಕ್ಕಮಾದಯ್ಯನೂ ತನ್ನದನ್ನು ಬಸ್ಸಿನವರ ಕೈಯಲ್ಲಿ ಕಳಿಸಿದ, ತಾನು ಬರಲು ಮುಖವಿರಲಿಲ್ಲ. ಕಚೇರಿಯ ಸಾಹೇಬರು ಮಾತ್ರ ಇನ್ನೂ ಮೀಟಿಂಗಿನಲ್ಲೇ ಇದ್ದಾರೆ. ರಂಗಸ್ವಾಮಿ ನಾಗಮಂಗಲದ ಕಡೆ ಇನ್ನೊಂದು ಅಂಗಡಿಯವನನ್ನು ಹಿಡಿದುಕೊಂಡಿದ್ದಾನೆಂದು ಸುದ್ದಿ. ಟಿವಿಯಲ್ಲಿ ಬೆಳಿಗ್ಗೆ ಈಗಲೂ ಬರುತ್ತಾನೆ. ಚಂದ್ರಶೇಖರ ಫೋನು ಮಾಡಿದಾಗ, ಬೋಟುಗಳು ಮತ್ತೆ ಬಂದಿದ್ದವು ಎಂದ.

ಆ ಫೋನು ಬಂದ ಮಧ್ಯಾಹ್ನ ಪುಟ್ಟಕ್ಕ ಶೀಳನೆರೆಯಲ್ಲಿ ರಂಗಸ್ವಾಮಿ ಕೊಟ್ಟಿದ್ದ ಆ ದೊಡ್ಡ ಇಂದ್ರಜಾಲವನ್ನು ಮೇಜಿನ ಮೇಲಿಟ್ಟು, ಗಾಜು ಕೊಯ್ದು, ಅದಕ್ಕೆ ಕಟ್ಟು ಹಾಕಿದಳು. ಹೊಂಬಣ್ಣದ್ದಲ್ಲ, ಕರಿ ಕಟ್ಟು. ಹಲಗೆ ಮುಚ್ಚುವ ಮೊದಲು ಒಳಮೈಗೆ ಹೆಬ್ಬೆರಳು ಒತ್ತಿದಳು. ಅಂಗಡಿಯ ಮುಂಬಾಗಿಲಿಗೆ, ಬೀದಿಗೆ ಕಾಣುವಂತೆ ನೇತುಹಾಕಿ ಚೆಂಡುಹೂವಿನ ಹಾರ ಹಾಕಿದಳು.

"ಅಕ್ಕ, ಯಾರಾದ್ರೂ ಬಂದು ಹಿಡಿದ್ರೆ?" ಎಂದೆ.

"ಹಿಡೀಲಿ. ಅಂಗಾದ್ರೂ ಬರ್ಲಿ" ಎಂದಳು.

ಬೀದಿಯಲ್ಲಿ ಹೋಗುವವರು ಹಾರ ನೋಡಿ ನಿಲ್ಲುತ್ತಾರೆ. ತೀರಿಕೊಂಡವರ ಮುಖಕ್ಕಾಗಿ ಗಾಜಿನೊಳಗೆ ಹುಡುಕುತ್ತಾರೆ. ಕಾಣದೆ, "ಯಾರಮ್ಮ ಓಗಿದ್ದು?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಪುಟ್ಟಕ್ಕ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬರುತ್ತಾಳೆ.

"ನನ್ ತಮ್ಮನ ಊರಿನ ಏರಿ ಕಣಪ್ಪ. ನಾವೇ ಕಿತ್ಕಂಡು ತಂದು ಗೋಡೆಗೆ ನೇತಾಕಂಡಿದ್ವಿ" ಎನ್ನುತ್ತಾಳೆ. "ಒಳಕ್ ಬಾ, ಯೋಳ್ತೀನಿ."